ಗುರುಗ್ರಹ ದಾಟಿದ ಮುಚ್ಚಳ

ಸರಸ್ವತಿ: ರೀ, ಹುಳಿ ಪಾತ್ರೆ ಮುಚ್ಚಳ ಎಲ್ಲಿ?

ಗಂಗಾಧರಯ್ಯ: ಗುರುಗ್ರಹ ದಾಟಿದೆ.

ಸರಸ್ವತಿ: ವಾಪಸ್ ಕರೆಸಿ. ಹುಳಿ ಒಲೆ ಮೇಲಿದೆ.

ಗಂಗಾಧರಯ್ಯ: ಅದು ವಾಪಸ್ ಬರೋ ನೌಕೆ ಅಲ್ಲ ಕಣೇ.

ಸರಸ್ವತಿ ಸೌಟು ಹಿಡಿದುಕೊಂಡೇ ಹಾಲಿಗೆ ಬಂದರು. ಜಯನಗರದ ಆ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದು ಮದುವೆಯಾದಂದಿನಿಂದ ಅವರ ಇಲಾಖೆ. ಈ ಸಲ ಮಂಡಿನೋವು ಅಂತ ಗಂಡನ ಕೈಗೆ ಬಿಟ್ಟಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಗಂಗಾಧರಯ್ಯನವರು ಸಿಕ್ಕ ಅಧಿಕಾರವನ್ನು ಪೂರ್ತಿಯಾಗಿ ಚಲಾಯಿಸಿದ್ದರು. ಈ ವರ್ಷದ ಗೊಂಬೆ, ಬಾಹ್ಯಾಕಾಶ ಯಾನದ ಚರಿತ್ರೆ. ಕೆಳಗಿನ ಮೆಟ್ಟಿಲು ಭೂಮಿಗೆ ಹತ್ತಿರ, ಮೇಲಿನದು ದೂರ. ತುತ್ತತುದಿಯಲ್ಲಿ, ಹುಳಿ ಪಾತ್ರೆಯ ಮುಚ್ಚಳವನ್ನೇ ಆಂಟೆನಾ ಮಾಡಿಕೊಂಡ ಒಂದು ನೌಕೆ. ಅಲ್ಲಿ ಇರಬೇಕಾಗಿದ್ದ ಪಟ್ಟದ ಗೊಂಬೆಗಳು, ಸರಸ್ವತಿಯವರ ತಾಯಿ ಮದುವೆಯಲ್ಲಿ ಕೊಟ್ಟ ರಕ್ತಚಂದನದ ರಾಜ ರಾಣಿ, ರೇಷ್ಮೆ ಉಟ್ಟುಕೊಂಡು ಸೋಫಾದ ಮೇಲೆ ಅಂಗಾತ ಬಿದ್ದಿದ್ದವು.

ಸರಸ್ವತಿ: ನಮ್ಮಮ್ಮನ ಗೊಂಬೆ ಕೆಳಗೆ, ಮುಚ್ಚಳ ಮೇಲೆ. ಇದ್ಯಾವ ನ್ಯಾಯ?

ಗಂಗಾಧರಯ್ಯ: ನ್ಯಾಯ ಅಲ್ಲ, ದೂರದ ಲೆಕ್ಕ. ಕೆಳಗಿಂದ ನೋಡ್ಕೊಂಡು ಬಾ. ಐವತ್ತೇಳನೇ ಇಸವಿ, ನಾಯಿ. ಅರವತ್ತೊಂದು, ಗಗಾರಿನ್.

ಸರಸ್ವತಿ: ಗಗಾರಿನ್ ಯಾಕೆ ಪೇಟ ಸುತ್ಕೊಂಡಿದಾನೆ?

ಗಂಗಾಧರಯ್ಯ: ದಸರಾ ಮೆರವಣಿಗೆ ಸಿಪಾಯಿ ಅದು. ಪೇಟ ಬಿಚ್ಚೋಕೆ ಬರಲಿಲ್ಲ.

ಸರಸ್ವತಿ: ನಾಯಿ ವಾಪಸ್ ಬಂತಾ?

ಗಂಗಾಧರಯ್ಯ: ಇಲ್ಲ. ಕರ್ಕೊಂಡು ಬರೋ ಯೋಚನೇನೇ ಇರಲಿಲ್ಲ ಅವರಿಗೆ.

ಸರಸ್ವತಿ ಹೂಬುಟ್ಟಿಯಿಂದ ಒಂದು ಸೇವಂತಿಗೆ ತೆಗೆದು ನಾಯಿಯ ಮುಂದಿಟ್ಟರು.

ಸರಸ್ವತಿ: ಮುಂದೆ ಹೇಳಿ. ಶೆಟ್ಟರ ಅಂಗಡಿ ಗೊಂಬೆ ಎಲ್ಲಿಟ್ರಿ?

ಗಂಗಾಧರಯ್ಯ: ಚಂದ್ರನ ಮೇಲೆ.

ಸರಸ್ವತಿ: ಗಿರಾಕಿ ಬರ್ತಾರಾ ಅಲ್ಲಿಗೆ?

ಗಂಗಾಧರಯ್ಯ: ಅರವತ್ತೊಂಬತ್ತರಲ್ಲಿ ಮೂವರು ಹೋದ್ರಲ್ಲ. ಇಬ್ಬರು ಇಳಿದ್ರು, ಒಬ್ಬ ಮೇಲೇ ಸುತ್ತು ಹೊಡೀತಾ ಇದ್ದ.

ಸರಸ್ವತಿ: ಪಾರ್ಕಿಂಗ್ ಸಿಕ್ಕಿರಲ್ಲ. ನೀವೂ ನನ್ನ ಫೋರ್ತ್ ಬ್ಲಾಕಲ್ಲಿ ಇಳಿಸಿ ಹಾಗೇ ತಾನೆ ಸುತ್ತೋದು.

ಗಂಗಾಧರಯ್ಯ: ಅವನು ಆಮೇಲೆ ಇಬ್ಬರನ್ನೂ ಹತ್ತಿಸ್ಕೊಂಡು ಬಂದ.

ಸರಸ್ವತಿ: ಅದೇ ವ್ಯತ್ಯಾಸ. ನೀವು ಮರೆತು ಮನೆಗೆ ಬಂದ್ರಿ.

ಗಂಗಾಧರಯ್ಯನವರು ಚಂದ್ರನ ಮೇಲಿನ ಶೆಟ್ಟರನ್ನು ಸ್ವಲ್ಪ ಸರಿಸಿ ಕೂರಿಸಿದರು.

ಗಂಗಾಧರಯ್ಯ: ಅದಕ್ಕೇ ಹೇಳೋದು, ಮಾನವರಹಿತ ನೌಕೇನೇ ಶ್ರೇಷ್ಠ ಅಂತ. ಮರೆಯಲ್ಲ, ಬಳಲಲ್ಲ. ನಮ್ಮ ಚಂದ್ರಯಾನ ಮೂರು ದಕ್ಷಿಣ ಧ್ರುವದ ಹತ್ತಿರ ಇಳೀತಲ್ಲ, ಒಂದು ಲೋಟ ಕಾಫಿ ಕೇಳ್ತಾ?

ಸರಸ್ವತಿ: ಬೆಳಗ್ಗೆಯಿಂದ ಕಾಫಿ ಕಾಫಿ ಅಂದವರು ಹೇಳೋ ಮಾತು. ನೋಡಿ, ಪಟ್ಟದ ಗೊಂಬೆ ಮೇಲೆ ಕೂರದೆ ನಾನು ಆರತಿ ಎತ್ತಲ್ಲ. ಇನ್ನೇನು ನಾಗಲಕ್ಷ್ಮಮ್ಮ ಬರ್ತಾರೆ.

ಎದುರುಮನೆಯ ನಾಗಲಕ್ಷ್ಮಮ್ಮ ಪ್ರತಿ ವರ್ಷ ಅರಿಶಿನ ಕುಂಕುಮಕ್ಕೆ ಮೊದಲು ಬರುವವರು. ಅವರು ಕಂಡದ್ದು ರಾತ್ರಿ ಊಟದೊಳಗೆ ಇಡೀ ಕ್ರಾಸಿಗೆ ಕಂಡಿರುತ್ತಿತ್ತು.

ಗಂಗಾಧರಯ್ಯ: ಬಾಹ್ಯಾಕಾಶ ನಿಲ್ದಾಣದಲ್ಲಿ ಜಾಗ ಇದೆ. ಅಲ್ಲಿ ಕೂರಿಸ್ಲಾ?

ಸರಸ್ವತಿ: ರಾಜ ರಾಣಿ ನಿಲ್ದಾಣದಲ್ಲಿ ಕೂತು ಏನು ಮಾಡ್ಬೇಕು? ಬನಶಂಕರಿ ಬಸ್ಸಿಗೆ ಕಾಯ್ಬೇಕಾ?

ಅವರು ಕನ್ನಡಕ ಏರಿಸಿಕೊಂಡು ತುದಿಯ ನೌಕೆಯನ್ನು ನೋಡಿದರು. ಅದರ ಮೈಗೆ ಮೈಸೂರುಪಾಕಿನ ಡಬ್ಬದ ಚಿನ್ನದ ಹಾಳೆ ಅಂಟಿಸಿತ್ತು. ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದ ಒಬ್ಬ ಗಂಡಸು, ಒಬ್ಬ ಹೆಂಗಸು.

ಸರಸ್ವತಿ: ಇವರ ಬಟ್ಟೆ ಎಲ್ಲಿ?

ಗಂಗಾಧರಯ್ಯ: ನಾನು ಬಿಚ್ಚಿಲ್ಲ. ಪಯೋನಿಯರ್ ಹತ್ತು ಅನ್ನೋ ನೌಕೇಲಿ ಹೀಗೇ ಕೆತ್ತಿ ಕಳಿಸಿದ್ದು. ಬೇರೆ ಲೋಕದವರ ಕೈಗೆ ಸಿಕ್ಕಿದ್ರೆ ಮನುಷ್ಯರು ಹೇಗಿರ್ತಾರೆ ಅಂತ ಗೊತ್ತಾಗಲಿ ಅಂತ.

ಸರಸ್ವತಿ: ಅವನ್ಯಾಕೆ ಕೈ ಎತ್ತಿದಾನೆ?

ಗಂಗಾಧರಯ್ಯ: ನಮಸ್ಕಾರ ಹೇಳ್ತಿದಾನೆ.

ಸರಸ್ವತಿ: ಅವಳು?

ಗಂಗಾಧರಯ್ಯ: ಸುಮ್ನೆ ನಿಂತಿದಾಳೆ.

ಸರಸ್ವತಿ: ಸುಮ್ನೆ ಅಲ್ಲ. ಗ್ಯಾಸ್ ಆಫ್ ಮಾಡಿದ್ನಾ ಅಂತ ಯೋಚಿಸ್ತಿದಾಳೆ.

ಅಷ್ಟು ಹೇಳಿದವರೇ ಮಂಡಿನೋವು ಮರೆತು ಅಡುಗೆಮನೆಗೆ ಓಡಿದರು. ಹುಳಿ ಉಕ್ಕಿ ಒಲೆಯೆಲ್ಲ ತೊಯ್ದಿತ್ತು. ಆರಿಸಿ, ಒರೆಸಿ ವಾಪಸ್ ಬರುವಷ್ಟರಲ್ಲಿ ಅವರಿಗೆ ಹೊಸ ಅಸ್ತ್ರ ಸಿಕ್ಕಿತ್ತು.

ಸರಸ್ವತಿ: ದೂರದ ಲೆಕ್ಕ ಅಂದ್ರಲ್ಲ. ವಾಯೇಜರ್ ಒಂದು ಇದಕ್ಕಿಂತ ದೂರ ಹೋಗಿದೆ, ನಾನೂ ಪೇಪರ್ ಓದ್ತೀನಿ. ಅದನ್ನ ಕೆಳಗಿಟ್ಟು ಇದನ್ಯಾಕೆ ಮೇಲಿಟ್ರಿ?

ಗಂಗಾಧರಯ್ಯನವರು ಪಂಚೆಯ ಅಂಚು ಸರಿಮಾಡಿಕೊಂಡರು. ಓದದೆ ಬಂದ ಹುಡುಗರು ಅವರ ಕ್ಲಾಸಿನಲ್ಲಿ ಹೀಗೇ ನಿಲ್ಲುತ್ತಿದ್ದಿರಬೇಕು.

ಗಂಗಾಧರಯ್ಯ: ಇದು ಹೊರಟಿದ್ದು ಎಪ್ಪತ್ತೆರಡರಲ್ಲಿ.

ಸರಸ್ವತಿ: ಅದಕ್ಕೆ?

ಗಂಗಾಧರಯ್ಯ: ನಮ್ಮ ಮದುವೇನೂ ಅದೇ ವರ್ಷ ತಾನೆ.

ಸರಸ್ವತಿ ಸೌಟಿನ ತುದಿಯನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದರು.

ಸರಸ್ವತಿ: ನೌಕೆ ಹೊರಟ ತಾರೀಖು?

ಗಂಗಾಧರಯ್ಯ: ಮಾರ್ಚ್ ಎರಡು, ರಾತ್ರಿ. ಅಮೆರಿಕದ ಟೈಮು.

ಸರಸ್ವತಿ: ಮದುವೆ?

ಗಂಗಾಧರಯ್ಯ: ಮೇ ತಿಂಗಳು. ಬಿಸಿಲಿತ್ತು.

ಸರಸ್ವತಿ ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಚಿಲಕದ ಸದ್ದಾಯಿತು. ಚಿನ್ನದ ಹಾಳೆಯ ದಂಪತಿ ಬಾಗಿಲಿಗೆ ನೇರವಾಗಿ ನಿಂತಿದ್ದರು. ಸರಸ್ವತಿ ಸೋಫಾದಿಂದ ರಾಜ ರಾಣಿಯನ್ನು ಎತ್ತಿ ಗಂಡನ ಕೈಗಿಟ್ಟು, "ಸ್ಟೂಲ್ ಹತ್ತಿ" ಎಂದರು. ನಾಗಲಕ್ಷ್ಮಮ್ಮ ಚಪ್ಪಲಿ ಬಿಡುವಷ್ಟರಲ್ಲಿ ರೇಷ್ಮೆಯ ಹಿಂದೆ ಹಾಳೆ ಮರೆಯಾಗಿತ್ತು.

ನಾಗಲಕ್ಷ್ಮಮ್ಮ: ಏನ್ರಿ ಸರಸ್ವತಿ, ಪಟ್ಟದ ಗೊಂಬೆ ಮುಚ್ಚಳಕ್ಕೆ ಒರಗಿವೆ?

ಸರಸ್ವತಿ: ಮುಚ್ಚಳ ಅಲ್ಲ, ಪಯೋನಿಯರ್ ಹತ್ತು. ಗುರುಗ್ರಹದ ಪಕ್ಕ ಹಾದು ಹೋದ ಮೊದಲನೇ ನೌಕೆ.

ನಾಗಲಕ್ಷ್ಮಮ್ಮ: ನೌಕೆ ಮುಂದಿನ ಚೀಟೀಲಿ ಮಾನವರಹಿತ ಅಂತ ಬರೆದಿದೆ.

ಸರಸ್ವತಿ: ಬರೆದಿದ್ದು ನಮ್ಮನೆಯವರು. ಒಂದು ಗಂಡು ಒಂದು ಹೆಣ್ಣು ಮೊದಲಿಂದ ಅದರಲ್ಲೇ ಇದ್ರು. ಉಡಿಸಿ ಕಳಿಸೋಕೆ ಯಾರಿಗೂ ತೋಚಿರಲಿಲ್ಲ, ಅಷ್ಟೆ.

ನಾಗಲಕ್ಷ್ಮಮ್ಮ: ವಾಪಸ್ಸು ಯಾವಾಗ?

ಗಂಗಾಧರಯ್ಯ: ವಾಪಸ್ಸಿಲ್ಲ. ಎರಡು ಸಾವಿರದ ಮೂರರಲ್ಲಿ ಕೊನೇ ಸಲ ದನಿ ಕೇಳಿಸಿದ್ದು. ಆಮೇಲೆ ಮಾತಿಲ್ಲ. ಹೋಗ್ತಾನೇ ಇದೆ.

ನಾಗಲಕ್ಷ್ಮಮ್ಮ: ಇಬ್ಬರೂ ಒಂದೇ ಗಾಡೀಲಿ, ವರ್ಷಗಟ್ಟಲೆ, ಮಾತಿಲ್ಲದೆ. ಅದನ್ನ ನೋಡೋಕೆ ಅಷ್ಟು ದೂರ ಯಾಕ್ರಿ, ನಮ್ಮನೇಗೆ ಬನ್ನಿ.

ಸರಸ್ವತಿ ಆರತಿ ತಟ್ಟೆ ಎತ್ತಿಕೊಂಡರು. ಗಂಗಾಧರಯ್ಯನವರು ಸ್ಟೂಲಿನಿಂದ ಇಳಿದು ಪಕ್ಕಕ್ಕೆ ಬಂದರು.

ಗಂಗಾಧರಯ್ಯ: ಮುಚ್ಚಳ ಯಾವಾಗ ಇಳಿಸ್ಲಿ?

ಸರಸ್ವತಿ: ಹಬ್ಬ ಮುಗಿದ್ರೂ ಅಲ್ಲೇ ಇರಲಿ. ಮೇ ತಿಂಗಳಲ್ಲಿ ಇಳಿಸಿ. ತಾರೀಖು ನಾನು ಹೇಳಲ್ಲ.