ಹದಿಮೂರು ಮನೆ, ಒಂದೇ ದಾರಿ, ಅದಕ್ಕೊಂದು ದಣಪೆ

ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಫೈಲಿನ ಜೊತೆಗೇ ಬರುತ್ತವೆ. ಸಿದ್ದಾಪುರ, ಯಲ್ಲಾಪುರ, ಶಿರಸಿ, ಮೂರೂ ತಾಲೂಕಿನ ಪಂಚಾಯತಿಗಳಲ್ಲಿ ಪಿಡಿಒ ಆಗಿ ಕುರ್ಚಿ ಸವೆಸಿದ್ದೇನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರು ಎಂದು ಜನ ನಮ್ಮನ್ನು ಆಡಿಕೊಳ್ಳುತ್ತಾರೆ. ಅದು ಸುಳ್ಳು. ಆಗಲೂ ನಾವು ತೋಡುವ ಹಾಗಿಲ್ಲ. ಬಾವಿ ಮೊದಲು ಕ್ರಿಯಾಯೋಜನೆಯಲ್ಲಿ ಸೇರಿರಬೇಕು.

ಈಗ ಹೇಳುವುದೆಲ್ಲ ಒಂದೇ ಪಂಚಾಯತಿಯ, ಒಂದೇ ಬೇಸಿಗೆಯ ಮಾತು. ಯಾವ ಪಂಚಾಯತಿ ಎಂದು ಹೇಳುವುದಿಲ್ಲ. ಹೇಳದಿದ್ದರೆ ಮೂರೂ ತಾಲೂಕಿನವರು ತಮ್ಮದೇ ಅಂದುಕೊಳ್ಳುತ್ತಾರೆ, ಅಷ್ಟು ಸಾಕು. ಮಳೆ ಕಡಿಮೆಯಾಗಿ ತೇಗ ಹೆಚ್ಚಾಗುವ ಮೂಡಣ ಸೆರಗಿನಲ್ಲಿ, ಕಾಡಿನ ಒಳಗೆ ಹದಿಮೂರು ಮನೆಯ ಒಂದು ಕೇರಿ. ಹೊರಗೆ ಬರಲು ಇರುವುದು ಒಂದೇ ಮಣ್ಣಿನ ದಾರಿ, ಒಂದೂವರೆ ಕಿಲೋಮೀಟರು, ಎರಡೂ ಬದಿ ಕಾಡು. ಹಿಂದಿನ ವರ್ಷ ಬೆಂಕಿ ಆ ಕೇರಿಯ ಹಿತ್ತಲವರೆಗೆ ಬಂದು, ಗಾಳಿ ತಿರುಗಿದ್ದರಿಂದ ಹಿಂದೆ ಹೋಗಿತ್ತು. ಆಮೇಲೆ ಮೇಲಿನಿಂದ ಸುತ್ತೋಲೆ ಬಂತು: ಕಾಡ್ಗಿಚ್ಚಿನ ವೇಳೆ ಜನ ಸುರಕ್ಷಿತವಾಗಿ ಹೊರಬರುವ ದಾರಿಯ ಜವಾಬ್ದಾರಿ ಗ್ರಾಮ ಪಂಚಾಯತಿಯದು. ಗ್ರಾಮ ಪಂಚಾಯತಿ ಅಂದರೆ ನಾನು. ಪ್ರತಿಸಲ ಗಾಳಿ ತಿರುಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆ ಬೇಸಿಗೆ ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

೧. ಮೇಲಿನ ಮರ, ಕೆಳಗಿನ ರಸ್ತೆ

ಸುತ್ತೋಲೆ ಬಂದ ವಾರವೇ ಆ ದಾರಿಗೆ ಅಡ್ಡಲಾಗಿ ಒಂದು ಮತ್ತಿ ಮರ ಬಿತ್ತು. ಅರಣ್ಯದವರಿಗೆ ಪತ್ರ ಬರೆದೆ. ಅವರ ಉತ್ತರ ಬಂತು: "ಬಿದ್ದ ಮರ ನಮ್ಮದು, ಮುಟ್ಟಬೇಡಿ. ಅದರ ಕೆಳಗಿನ ರಸ್ತೆ ನಿಮ್ಮದು, ಕೂಡಲೇ ತೆರವು ಮಾಡಿ."

ಜಂಟಿ ತಪಾಸಣೆ ಆಯಿತು. ಫಾರೆಸ್ಟಿನ ಸಾಹೇಬರು ಮರದ ಆಚೆ, ತಾಲೂಕಿನ ಎಂಜಿನಿಯರು ಮರದ ಈಚೆ, ನಡುವೆ ನಾನು. ಮರ ನೆಲಕ್ಕೆ ತಾಗಿರುವ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ಒಂದು ತಾಸು ಚರ್ಚೆ ನಡೆಯಿತು. ನಮ್ಮ ಪಂಚಾಯತಿಯ ಅಧ್ಯಕ್ಷೆ ಅದೇ ಮರದ ಮೇಲೆ ಕೂತು ಕೇಳುತ್ತಿದ್ದರು. ಸಭೆಯಲ್ಲಿ ಪುಸ್ತಕದ ಕನ್ನಡ ಆಡುವ ಹೆಂಗಸು, ಸಿಟ್ಟು ಬಂದರೆ ಮಾತ್ರ ಮನೆಮಾತಿಗೆ ಇಳಿಯುತ್ತಾರೆ.

"ಬೆಂಕಿಗೆ ಎಂತ ಗೊತ್ತಿರ್ತು, ಇದು ಯಾರ ಜಾಗ ಹೇಳಿ?" ಅಂದರು. "ಅದ್ಕೂ ಒಂದು ನೋಟೀಸು ಕೊಟ್ಬಿಡಿ. ದಾರಿ ದಾಟೂಕೆ ಮುಂಚೆ ಪರ್ಮಿಶನ್ ತಗಳ್ಲಿ."

ಎಂಜಿನಿಯರು ಪಾಪ, ಆ ಮಾತನ್ನು ನಡಾವಳಿಯಲ್ಲಿ ಬರೆದುಕೊಂಡರು.

೨. ಬಣ್ಣ ಹೋಗುತ್ತದೆ

ಅಂತೂ ಫಾರೆಸ್ಟಿನವರು ಮರ ಎತ್ತಿಸಿದ ಮೇಲೆ ಬೋರ್ಡು ಬಂತು. ಹಳದಿ ಬಣ್ಣ, ಕರಿ ಅಕ್ಷರ, 'ತುರ್ತು ನಿರ್ಗಮನ ಮಾರ್ಗ', ಕೆಳಗೊಂದು ಬಾಣ. ಕೇರಿಯ ಬಾಯಲ್ಲಿ ಕಂಬ ಹುಗಿದು ನಿಲ್ಲಿಸಿ ಫೋಟೋ ತೆಗೆದು ಮೇಲೆ ಕಳಿಸಿದೆವು. ವಾರ ಬಿಟ್ಟು ಹೋದರೆ ಕಂಬ ಇದೆ, ಬೋರ್ಡು ಇಲ್ಲ.

ಆ ಕೇರಿಗೆ ಒಬ್ಬ ಯಜಮಾನರಿದ್ದಾರೆ. ವಯಸ್ಸಾದವರು, ಬೆಳ್ಳಗಿನ ಟವೆಲ್ಲು, ಹಣೆಗೆ ವಿಭೂತಿ, ಯಾವುದಕ್ಕೂ ಅವಸರವಿಲ್ಲ. "ಕಳವಾಯಿತೇ?" ಎಂದು ಅವರನ್ನೇ ಕೇಳಿದೆ.

"ನಮ್ಮೂರಾಗ ಕಳ್ಳರೆಲ್ಲಿ ಬರ್ಬೇಕ್ರಿ, ಬರ್ರಿ" ಎಂದು ಸಮುದಾಯ ಭವನಕ್ಕೆ ಕರೆದುಕೊಂಡು ಹೋದರು. ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು, ಮೂಲೆಗೆ ಕುಂಕುಮ ಹಚ್ಚಿದ್ದರು.

"ಬಿಸಲಿಗೆ ಬಣ್ಣ ಹೋಗ್ತೈತ್ರಿ ಸಾಹೇಬ್ರ. ಹೊಸಾದು. ಮಂಗ್ಯಾ ಬ್ಯಾರೆ ಜೋತು ಬೀಳ್ತಾವು."

"ಅಲ್ಲ ಯಜಮಾನರೇ, ಬೆಂಕಿ ಬಿದ್ದಾಗ ಬೋರ್ಡು ಕಾಣಬೇಕಲ್ಲ?"

"ಯಾಕ ಚಿಂತಿ ಮಾಡ್ತೀರಿ? ಬೆಂಕಿ ಬಿದ್ದ ದಿನ ಹೊರಗ ತರ್ತೇವಲ್ರಿ."

೩. ಮೊದಲು ಸಾಗಿಸಬೇಕಾದವರು

ತಾಲೂಕಿನಿಂದ ಒಂದು ನಮೂನೆ ಬಂತು. ಬೆಂಕಿ ಬಿದ್ದರೆ ತಾವಾಗಿ ಹೊರಬರಲಾಗದವರ ಪಟ್ಟಿ ಕೊಡಬೇಕು: ಹೆಸರು, ವಯಸ್ಸು, ವಿಶೇಷ ಅಗತ್ಯ. ನಮೂನೆಯನ್ನು ಯಜಮಾನರ ಕೈಗೆ ಕೊಟ್ಟು ತುಂಬಿಸಲು ಹೇಳಿದೆ. ನೀಟಾಗಿ ತುಂಬಿಸಿ ಕಳಿಸಿದರು. ಮಾರ್ಚ್ ತಿಂಗಳ ಗಡಿಬಿಡಿ, ನಾನು ನೋಡದೆ ಸಹಿ ಹಾಕಿ ಮೇಲೆ ಕಳಿಸಿದೆ.

ಮೂರನೇ ದಿನ ತಾಲೂಕಿನ ಸಾಹೇಬರ ಫೋನು. "ಏನ್ರೀ, ಆ ಕೇರಿಯಲ್ಲಿ ಇಷ್ಟೊಂದು ಸಣ್ಣ ಹೆಣ್ಣುಮಕ್ಕಳಿದ್ದಾರೆ, ಅಂಗನವಾಡಿಗೆ ಯಾಕೆ ಬರೆದಿಲ್ಲ? ಮತ್ತೆ ಆ ಐದನೇ ನಂಬರಿನ ಹುಡುಗಿಗೆ ಏನಾಗಿದೆ?"

ನಕಲು ತೆಗೆದು ನೋಡಿದೆ. ಗೌರಿ, ಆರು ವರ್ಷ. ತುಂಗಾ, ನಾಲ್ಕು. ಕಾವೇರಿ, ಐದು. ಐದನೇ ನಂಬರು ಗಂಗಾ, ಆರು ವರ್ಷ. ವಿಶೇಷ ಅಗತ್ಯ: ಗುರುತಿಲ್ಲದವರು ಹತ್ತಿರ ಹೋದರೆ ಹಾಯುತ್ತಾಳೆ.

ಬೈಕು ಹತ್ತಿ ಕೇರಿಗೆ ಹೋದೆ. "ಇವೆಲ್ಲ ಆಕಳ ಹೆಸರಲ್ಲವೇ? ಮನುಷ್ಯರ ಹೆಸರೆಲ್ಲಿ?" ಎಂದು ರೇಗಿದೆ.

ಯಜಮಾನರು ಶಾಂತವಾಗಿ ಹೇಳಿದರು: "ಮನಿಶ್ಯಾರು ಓಡ್ತೇವ್ರಿ. ಕಾಲು ಬರ್ಲಾರ್ದವ್ರನ್ನ ಹೊತ್ಕೊಂಡ ಓಡ್ತೇವಿ. ಅವು ಕಟ್ಟಿರ್ತಾವಲ್ರಿ, ಸಾಹೇಬ್ರ. ಹಗ್ಗ ಬಿಚ್ಚಾವ್ರು ಬೇಕಲ್ರಿ."

ಬಯ್ಯಲು ಹೋದವನು ಚಹಾ ಕುಡಿದು ಬಂದೆ. ಪಟ್ಟಿಯನ್ನು ತಿದ್ದಲಿಲ್ಲ. ತಿಂಗಳ ನಂತರ, ಅಂಗನವಾಡಿ ಕಟ್ಟಡಕ್ಕೆ ಜಾಗ ತೋರಿಸಿ ಎಂದು ಪತ್ರ ಬಂತು.

೪. ಮುಟ್ಟಬಾರದು

ಒಣ ಎಲೆಗೆ ನಮ್ಮಲ್ಲಿ ದರಕು ಎನ್ನುತ್ತಾರೆ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ಹೆಂಗಸರು ಕಾಡಿನಿಂದ ಬುಟ್ಟಿಗಟ್ಟಲೆ ಗುಡಿಸಿ ತರುತ್ತಾರೆ. ಆದರೆ ಆ ದಾರಿಯ ಮೇಲೆ ಮಾತ್ರ ದರಕು ಮೊಣಕಾಲುದ್ದ ಬಿದ್ದಿತ್ತು. ಒಂದು ಬೀಡಿ ತುಂಡು ಸಾಕಿತ್ತು. ಭಾನುವಾರದೊಳಗೆ ಮನೆಗೊಬ್ಬರು ಬಂದು ಗುಡಿಸಬೇಕು ಎಂದು ನೋಟೀಸು ಅಂಟಿಸಿದೆ. ಭಾನುವಾರ ಪೊರಕೆ ಹಿಡಿದು ನಿಂತವನು ನಾನೊಬ್ಬನೇ. ಸರ್ಕಾರದ ದಾರಿ, ಸರ್ಕಾರವೇ ಗುಡಿಸಲಿ ಎಂದು ಕೇರಿಯ ತೀರ್ಮಾನ.

ಸೊಂಟ ಹಿಡಿದುಕೊಂಡು ಆಫೀಸಿಗೆ ಬಂದರೆ ಅಧ್ಯಕ್ಷೆ ನಕ್ಕರು. "ಗುಡಸಿ ಹೇಳಿದ್ರೆ ಯಾರೂ ಗುಡಸ್ತ್ವಿಲ್ಲೆ. ಮುಟ್ಟಡಿ ಹೇಳಿ ಬರೀರಿ."

ಬರೆದೆ: 'ದಾರಿಯ ಮೇಲಿನ ದರಕು ಪಂಚಾಯತಿಯ ಸ್ವತ್ತು. ಯಾರೂ ಮುಟ್ಟಬಾರದು.' ಮರುದಿನ ಮಧ್ಯಾಹ್ನದೊಳಗೆ ಒಂದೂವರೆ ಕಿಲೋಮೀಟರು ದಾರಿ ಮದುವೆ ಮನೆಯ ಅಂಗಳದ ಹಾಗೆ ಚೊಕ್ಕವಾಗಿತ್ತು. ದಾರಿಯಷ್ಟೇ ಅಲ್ಲ, ಎರಡೂ ಬದಿ ನಾಲ್ಕು ನಾಲ್ಕು ಮಾರು ಬಳಿದು ಒಯ್ದಿದ್ದರು. ಕೊನೆಯ ಬುಟ್ಟಿ ಹೊತ್ತ ಹೆಂಗಸು ನನ್ನನ್ನು ಕಂಡು ಗಾಬರಿಯಾಗಲಿಲ್ಲ. ನಿಂತು ವಿಚಾರಿಸಿದಳು:

"ನಾಳಿ ಉದುರೂದು ಸುದ್ದಾ ಪಂಚಾಯ್ತಿದ ಏನ್ರಿ?"

ಅಂದಿನಿಂದ ಆ ನೋಟೀಸನ್ನು ವಾರಕ್ಕೊಮ್ಮೆ ಹೊಸದಾಗಿ ಅಂಟಿಸುತ್ತ ಬಂದೆ.

೫. ದಣಪೆ

ದಾರಿ ಕಾಡು ಮುಗಿಸಿ ಡಾಂಬರು ರಸ್ತೆ ಸೇರುವಲ್ಲಿ ಒಂದು ದಣಪೆ ಇದೆ. ಎರಡು ಕಂಬ, ಅವುಗಳಿಗೆ ಅಡ್ಡ ತೂರಿಸಿದ ಮೂರು ಬಿದಿರು. ಕಾಡಿನಲ್ಲಿ ಮೇಯುವ ದನ ಆಚೆಯ ಶೇಂಗಾ ಹೊಲಕ್ಕೆ ನುಗ್ಗಬಾರದು ಎಂದು ಹಾಕಿದ್ದು. ಹೋಗುವವರು ಬಿದಿರು ಸರಿಸಿ ದಾಟಿ, ಮತ್ತೆ ತೂರಿಸಿ ಹೋಗಬೇಕು. 'ದಣಪೆ ತೆಗೆದಿಟ್ಟು ಹೋದವನು' ಎಂಬುದು ಅಲ್ಲಿಯ ದೊಡ್ಡ ಬೈಗುಳ. ಅಂಥವನಿಗೆ ಹೆಣ್ಣು ಕೊಡುವಾಗಲೂ ಎರಡು ಸಲ ಯೋಚಿಸುತ್ತಾರೆ.

ಅಣಕು ಪ್ರದರ್ಶನ ಇಟ್ಟೆವು. ಸೀಟಿ ಊದಿದೊಡನೆ ಹದಿಮೂರೂ ಮನೆಯವರು ಹೊರಟು ಡಾಂಬರು ರಸ್ತೆ ಸೇರಬೇಕು. ಹೊರಟಿದ್ದೇನೋ ಚುರುಕಾಗಿಯೇ. ಮೊದಲ ಬೈಕು ದಣಪೆಗೆ ಬಂತು. ಹಿಂದೆ ಕೂತವಳು ಇಳಿದಳು, ಬಿದಿರು ಸರಿಸಿದಳು, ಬೈಕು ದಾಟಿತು, ಮೂರೂ ಬಿದಿರನ್ನು ಮತ್ತೆ ತೂರಿಸಿದಳು. ಹಿಂದಿನ ಬೈಕಿನವನು ಇಂಜಿನು ಬಂದ್ ಮಾಡಿ ಮರ್ಯಾದೆಯಿಂದ ಕಾದ. ಆಮೇಲೆ ಇಳಿದ, ಸರಿಸಿದ, ದಾಟಿದ, ತೂರಿಸಿದ. ಹೀಗೆ ಹದಿಮೂರು ಸಲ. ನಿಜವಾದ ಬೆಂಕಿಯಾಗಿದ್ದರೆ ಅಷ್ಟರಲ್ಲಿ ನಮ್ಮ ವೈಕುಂಠ ಸಮಾರಾಧನೆಯೂ ಮುಗಿದಿರುತ್ತಿತ್ತು.

ಸಭೆ ಕರೆದು ಠರಾವು ಮಾಡಿದೆ: ಬೆಂಕಿ ಬಿದ್ದಾಗ ದಣಪೆ ತೆಗೆದೇ ಇಡತಕ್ಕದ್ದು. ಎಲ್ಲರೂ ಒಪ್ಪಿದರು.

"ತೆಗೆದಿಟ್ಟಾವ್ರ ಹೆಸರು ಬರೀರಿ" ಅಂದರು ಯಜಮಾನರು. "ದನ ಹೊಲಾ ಹೊಕ್ಕರ ಜವಾಬ್ದಾರಿ ಯಾರ್ದು?"

ಯಾರೂ ಹೆಸರು ಕೊಡಲಿಲ್ಲ. ಕೊನೆಗೆ ನನ್ನ ಹೆಸರನ್ನೇ ಬರೆದು ಸಹಿ ಹಾಕಿದೆ.

ಮತ್ತೆ ಹತ್ತು ದಿನಕ್ಕೆ, ಮಟಮಟ ಮಧ್ಯಾಹ್ನ, ಯಜಮಾನರ ಫೋನು ಬಂತು. "ಹೊಗಿ ಕಾಣಾಕತ್ತೈತ್ರಿ. ಗಾಳಿ ನಮ್ಮ ಕಡಿಗೇ ಐತಿ." ದನಿಯಲ್ಲಿ ಎಂದಿನ ನಿಧಾನ ಇರಲಿಲ್ಲ. ಫೈರಿನವರಿಗೆ ಫೋನು ಮಾಡುತ್ತಲೇ ಬೈಕು ಓಡಿಸಿದೆ. ದಣಪೆಗೆ ಬಂದು ಮೂರೂ ಬಿದಿರನ್ನು ಎಳೆದು ಹಳ್ಳಕ್ಕೆ ಎಸೆದೆ. ಕಾಡಿನೊಳಗೆ ಚಟಚಟ ಸದ್ದು. ದಾರಿ ತುಂಬ ಹೊಗೆ. ನಾನು ನಂಬಿದ ದೇವರನ್ನೆಲ್ಲ ಕರೆದೆ, ನಂಬದವರನ್ನೂ ಕರೆದೆ.

ಮೊದಲು ಹೊಗೆಯಿಂದ ಹೊರಬಂದದ್ದು ದನಗಳು, ಕೊರಳಲ್ಲಿ ತುಂಡು ಹಗ್ಗ. ಹಿಂದೆ ಬೈಕುಗಳು, ಮುದುಕಿಯನ್ನು ಹೊತ್ತ ಮಗ, ಮಕ್ಕಳು. ಒಂದು ಮನೆ, ಎರಡು ಮನೆ ಎಂದು ಗಟ್ಟಿಯಾಗಿ ಎಣಿಸಿದೆ. ಹನ್ನೆರಡಕ್ಕೆ ನಿಂತಿತು. ಆ ಐದು ನಿಮಿಷವನ್ನು ನಾನು ಸಾಯುವತನಕ ಮರೆಯಲಾರೆ. ಆಮೇಲೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಯಜಮಾನರು, ಅವರ ಮನೆಯವರು, ಟ್ರೇಲರಿನಲ್ಲಿ ಹುಷಾರಾಗಿ ಮಲಗಿಸಿದ ಹಳದಿ ಬೋರ್ಡು.

"ಬೆಂಕಿ ಬಿದ್ದ ದಿನ ಹೊರಗ ತರ್ತೇವಿ ಅಂದಿದ್ದೆನಲ್ರಿ" ಅಂದರು. ನಾನು ಹಳ್ಳದ ದಂಡೆಯ ಮೇಲೆ ಕೂತು ಅತ್ತುಬಿಟ್ಟೆ.

ಬೆಂಕಿ ದಾರಿಯ ಅಂಚಿಗೆ ಬಂದು, ದಾಟಲು ಒಂದು ದರಕೂ ಸಿಗದೆ ನಿಂತಿತ್ತು. ಒಂದು ಹುಲ್ಲಿನ ಬಣವೆ ಹೋಯಿತು, ಮನೆಗಳನ್ನು ಫೈರಿನವರು ಉಳಿಸಿದರು.

ಮರುದಿನ ಬೆಳಿಗ್ಗೆ ಕೇರಿಯವರೆಲ್ಲ ಪಂಚಾಯತಿಗೆ ಬಂದರು. ಹಾರ ತಂದಿರಬಹುದು ಎಂದು ಅಂಗಿಯ ಗುಂಡಿ ಸರಿಮಾಡಿಕೊಂಡೆ. ಯಜಮಾನರ ಕೈಯಲ್ಲಿದ್ದುದು ಅರ್ಜಿ. ಪಕ್ಕದಲ್ಲಿ ಮುಖ ಗಂಟಿಕ್ಕಿ ನಿಂತಿದ್ದವನು ಶೇಂಗಾ ಹೊಲದವನು.

"ನಿಮ್ಮಿಂದ ಉಳದ್ವಿ, ಸಾಹೇಬ್ರ. ಅದು ಬ್ಯಾರೆ" ಅಂದರು ಯಜಮಾನರು, ಕಣ್ಣು ಒರೆಸಿಕೊಂಡು. "ಇದು ಬ್ಯಾರೆ. ದಣಪೆ ತೆಗೆದಿತ್ತು. ದನ ಹೊಲಾ ಹೊಕ್ಕಾವು. ಠರಾವಿನ್ಯಾಗ ನಿಮ್ಮ ಹೆಸರೈತಿ."

"ಯಾರ ದನ?"

"ನಿಮ್ಮ ಪಟ್ಟಿಯಾಗ ಇದ್ದಂಥಾವ ರೀ. ಐದನೇ ನಂಬರಂತೂ ಇನ್ನೂ ಅಲ್ಲೇ ಐತಿ, ಹತ್ತಿರ ಹೋದ್ರ ಹಾಯಾಕ ಬರ್ತೈತಿ."

ಅದೇ ಹೊತ್ತಿಗೆ ತಾಲೂಕಿನಿಂದ ತುರ್ತು ವರದಿಯ ನಮೂನೆ ಬಂತು. ಅರ್ಜಿಯನ್ನು ಪಕ್ಕಕ್ಕಿಟ್ಟು ಅದನ್ನು ತುಂಬಲು ಕೂತೆ. ಎಲ್ಲರೂ ಸುರಕ್ಷಿತವೇ? ಹೌದು. ಪಟ್ಟಿಯಲ್ಲಿದ್ದವರನ್ನು ಮೊದಲು ಸಾಗಿಸಲಾಯಿತೇ? ಹೌದು. ಸ್ಥಳಾಂತರಗೊಂಡವರಿಗೆ ಆಹಾರದ ವ್ಯವಸ್ಥೆ ಮಾಡಲಾಗಿತ್ತೇ?

ಪೆನ್ನು ಹಿಡಿದು ಯೋಚಿಸುತ್ತಿದ್ದೆ. ಅಧ್ಯಕ್ಷೆ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದ್ದದ್ದನ್ನೇ ಬರೀರಿ" ಅಂದರು.

ಬರೆದೆ: 'ಹೌದು. ಹಸಿ ಶೇಂಗಾ, ಹೊಟ್ಟೆ ತುಂಬ. ಒಬ್ಬರು ಇನ್ನೂ ಊಟ ಮುಗಿಸಿಲ್ಲ.'