ಕಾರಿನೊಳಗಿನ ಕೆರೆ

ನಮ್ಮ ಶಿರಸಿಯಲ್ಲಿ ರಸ್ತೆ ಬದಿಗೆ ಕಾರು ನಿಲ್ಲಿಸಿ ಬಾನೆಟ್ ಎತ್ತಿ ನೋಡಿ. ದಾರಿಯಲ್ಲಿ ಹೋಗುವ ಗಂಡಸರೆಲ್ಲ ಸೊಂಟಕ್ಕೆ ಕೈಯಿಟ್ಟು ಸುತ್ತ ನಿಂತುಬಿಡುತ್ತಾರೆ. ಎತ್ತಿದ್ದು ಹೆಂಗಸು ಎಂದರಂತೂ ಮುಗಿದೇ ಹೋಯಿತು. ಜೀವಮಾನದಲ್ಲಿ ಸೈಕಲ್ಲಿಗೂ ಗಾಳಿ ಹೊಡೆಯದವರಿಗೆ ಉಪದೇಶ ಉಕ್ಕಿ ಬರುತ್ತದೆ. ಹೋದ ಮಳೆಗಾಲದಲ್ಲಿ ನನ್ನ ಕಾರಿನೊಳಗೆ ನೀರು ನಿಲ್ಲತೊಡಗಿದಾಗ ಇಂಥ ಪಂಡಿತರ ದರ್ಶನ ನನಗೆ ಧಾರಾಳವಾಗಿ ಆಯಿತು.

ನಾನು ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ. ಸಿದ್ದಾಪುರದ ಆಫೀಸಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಹೋಗಿ, ಸೀಟು ಸಿಕ್ಕ ದಿನ ಯಾರದೋ ಚೀಲವನ್ನು ತೊಡೆಯ ಮೇಲೆ ಹೊತ್ತು ಸಾಕಾಗಿ ಈ ಹಳೆಯ ಕಾರನ್ನು ಕೊಂಡಿದ್ದೆ. ನನ್ನ ಗಂಡ ಬನವಾಸಿ ಕಡೆಯವರು. ಅವರು ಸ್ಟೀರಿಂಗ್ ಮುಟ್ಟಿದವರೇ ಅಲ್ಲ. ಆದರೂ ಕಾರಿನ ಬಗ್ಗೆ ಅಂತಿಮ ತೀರ್ಪು ಮಾತ್ರ ಅವರದೇ.

ಮೊದಲು ಬಂದದ್ದು ವಾಸನೆ. ಒಗೆಯದೆ ಬಕೆಟ್ಟಿನಲ್ಲೇ ಮರೆತ ಬಟ್ಟೆಯ ವಾಸನೆ. ದಿನಾ ಕಾನಸೂರಿನಲ್ಲಿ ಹತ್ತಿಕೊಳ್ಳುವ ನನ್ನ ಸಹೋದ್ಯೋಗಿ ಶೋಭಕ್ಕ ಒಂದು ಬೆಳಿಗ್ಗೆ ಪಕ್ಕದ ಸೀಟಿನಲ್ಲಿ ಕೂತವರೇ ಕಾಲು ಮೇಲೆತ್ತಿಕೊಂಡರು. "ಎಂತ ಮಾರಾಯ್ತಿ ಇದು! ಕಾರೊಳಗೇ ಗದ್ದೆ ನಟ್ಟಿ ಮಾಡುದಾ? ನಾಳೆಯಿಂದ ನಾ ಬಸ್ಸಿಗೇ ಬರ್ತೆ." ಕಾರ್ಪೆಟ್ ಒತ್ತಿದರೆ ಪಚಪಚ ನೀರು.

ಮನೆಗೆ ಬಂದು ಹೇಳಿದರೆ ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. "ಭಾನುವಾರದೊಳಗ ಸೋರೋದು ನಿಲ್ಲಲಿಲ್ಲ ಅಂದ್ರ ಮಾರಿಬಿಡೂಣು. ಬಸ್ಸಿಗೇನಾಗೇತಿ?" ಬಸ್ಸು ಹತ್ತದವರಿಗೆ ಬಸ್ಸು ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಗ್ಯಾರೇಜಿನವನು ಬಾಗಿಲನ್ನು ಎರಡು ಸಲ ಬಡಿದು, "ಬಾಗ್ಲ ರಬ್ಬರ್ ಹೋಗೇತ್ರಿ ಮೇಡಂ" ಎಂದ. ರಬ್ಬರ್ ಹೊಸದು ಬಂತು, ನೀರು ಹಳೆಯದೇ ಉಳಿಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಆಚೆಯಿಂದಲೇ, "ಅದು ಎ.ಸಿ. ನೀರು" ಎಂದರು. "ನಾನು ಎ.ಸಿ. ಹಾಕೋದೇ ಇಲ್ಲ ಸರ್." "ಹಾಕದಿದ್ರೆ ಹಾಗೇ ಆಗ್ತದೆ ನೋಡಿ!" ಯಲ್ಲಾಪುರದ ಮೈದುನ ಫೋನಿನಲ್ಲೇ ರೋಗ ಪತ್ತೆ ಮಾಡಿ ಮುಂದಿನ ಗಾಜಿನ ಸುತ್ತ ನನ್ನಿಂದ ಅಂಟು ಬಳಿಸಿದ. ಆ ಅಂಟು ಬಳೆಗೆ ಹತ್ತಿತು, ಸೆರಗಿಗೆ ಹತ್ತಿತು, ನೀರಿಗೆ ಮಾತ್ರ ಅಡ್ಡ ಬರಲಿಲ್ಲ. "ಅತ್ತಿಗಿ, ನೀವು ಬಳಿದಿದ್ದ ಬರೋಬರಿ ಆಗಿಲ್ಲ ಬಿಡ್ರಿ" ಎಂದ, ನೋಡದೆಯೇ.

ಶನಿವಾರ ನನಗೆ ರೇಗಿತು. ಕಾರ್ಪೆಟ್ ಎತ್ತಿ, ನೆಲ ಒರೆಸಿ, ಒಣ ಪೇಪರ್ ಹಾಸಿದೆ. ಗಂಡನ ಕೈಗೆ ನೀರಿನ ಪೈಪ್ ಕೊಟ್ಟು, "ನಾ ಹೇಳಿದಲ್ಲಿ ಮಾತ್ರ ಬಿಡಿ" ಎಂದು ತಾಕೀತು ಮಾಡಿ, ಬಾಗಿಲು ಹಾಕಿಕೊಂಡು, ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದೆ. ಈ ಗಾತ್ರದ ದೇಹ ಅಲ್ಲಿ ಹೇಗೆ ಮಡಚಿಕೊಂಡಿತೋ ಆ ದೇವರಿಗೇ ಗೊತ್ತು. ಬಾಗಿಲಿನ ಕೆಳಗೆ ನೀರು ಬಿಡಿಸಿದೆ, ಪೇಪರ್ ಒಣ. ಬಾಗಿಲಿನ ಮೇಲೆ ಬಿಡಿಸಿದೆ, ಒಣ. ಮುಂದಿನ ಗಾಜಿನ ಬುಡಕ್ಕೆ, ವೈಪರ್ ಕೆಳಗಿನ ಕಪ್ಪು ಜಾಲರಿಯ ಮೇಲೆ ಬಿಡಿಸಿದ್ದೇ ತಡ, ನೀರು ಸೀದಾ ನನ್ನ ನೆತ್ತಿಗೆ ಇಳಿಯಿತು.

ಜಾಲರಿ ಬಿಚ್ಚಿದೆವು. ಗಾಜಿನ ಮೇಲೆ ಬಿದ್ದ ಮಳೆನೀರು ನೆಲಕ್ಕೆ ಇಳಿದುಹೋಗಲು ಅಲ್ಲೊಂದು ತೂತು ಇರುತ್ತದೆ. ಅದರ ಬಾಯಿಗೆ ಕೊಳೆತ ಚೆಂಡುಹೂವಿನ ಎಸಳು, ಅಕ್ಷತೆ, ಕುಂಕುಮದ ಕೆಸರು, ಊದುಬತ್ತಿಯ ಕಡ್ಡಿ ಗಿಡಿದುಕೊಂಡು, ಇಳಿಯಲು ದಾರಿಯಿಲ್ಲದ ನೀರು ಕಾರಿನೊಳಗೆ ತಿರುಗಿತ್ತು. ನಮ್ಮವರು ಪ್ರತಿ ಅಮಾವಾಸ್ಯೆಗೂ ಕಾರಿಗೆ ಪೂಜೆ ಮಾಡಿ ವೈಪರಿಗೆ ಮಾಲೆ ಸಿಕ್ಕಿಸುತ್ತಾರೆ. ನಾನು ವೈಪರ್ ಹಾಕುತ್ತೇನೆ, ಅದು ಹೂವನ್ನು ಅರೆದು ಜಾಲರಿಗೆ ತುಂಬುತ್ತದೆ.

"ಇದೇನ್ರೀ?"

"ಪೂಜಿ ಹೂವು."

"ಅದು ಕಾಣ್ತದೆ. ಬಾಡಿದ ಮೇಲೆ ತೆಗೀಲಿಕ್ಕೆ ಏನಾಗಿತ್ತು?"

"ದೇವರಿಗೆ ಏರಿಸಿದ್ದನ್ನ ಕೈಲೆ ಕಿತ್ತು ತಗೀಬಾರ್ದು, ತಾನಾಗೇ ಬೀಳಬೇಕು ಅಂತ ನೀನ ಅಂದಿದ್ದಿ."

ಅಂದಿದ್ದೆ. ದೇವರಕೋಣೆಯ ಬಗ್ಗೆ. ಕಾರನ್ನೂ ದೇವರಕೋಣೆ ಮಾಡಿಕೊಂಡವರ ಜೊತೆ ಏನು ವಾದ ಮಾಡುವುದು? ಕೆಸರು ತೋಡಿ ತೆಗೆದೆ. ಒಂದು ಬಕೆಟ್ ನೀರು ಸುರಿದೆ. ಅದು ಚಕ್ರದ ಹಿಂದಿನಿಂದ ಗುಳುಗುಳು ಇಳಿದುಹೋಯಿತು. ಭಾನುವಾರ ಇಡೀ ದಿನ ಮಳೆ ಹೊಡೆದರೂ ಹೊಸದಾಗಿ ಹಾಸಿದ ಪೇಪರ್ ಒಣ. ಮಾರುವ ಮಾತು ಅಲ್ಲಿಗೆ ಬಿತ್ತು. ಶೋಭಕ್ಕ ಬಸ್ಸು ಬಿಟ್ಟು ಬಂದರು. ಬಾನೆಟ್ಟಿನ ಮೇಲೆ ಇನ್ನು ಒಂದು ಎಸಳೂ ಕೂಡದು ಎಂದು ಮನೆಯಲ್ಲಿ ಆಜ್ಞೆ ಹೊರಡಿಸಿದೆ.

ಮುಂದಿನ ಅಮಾವಾಸ್ಯೆ ಬಂತು. ನಮ್ಮವರು ಬರಿಗೈ ಮುಗಿದು ಪಕ್ಕಕ್ಕೆ ಸರಿದರು. ನಾನು ಕೂತೆ. ಹೂವಿಲ್ಲದ ಕಾರಿನ ಕೀಲಿ ತಿರುಗಿಸಲು ಮನಸ್ಸು ಬರಲಿಲ್ಲ. ತಿರುವಿನಲ್ಲಿ ಲಾರಿ ಎದುರಾದಂತೆ, ಬ್ರೇಕು ಹಿಡಿಯದಂತೆ, ಏನೇನೋ ಕಂಡಿತು.

"ರೀ... ಒಂದು ಸಣ್ಣ ಮಾಲೆ ಇದ್ರೆ ಕೊಡಿ."

ಅವರು ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಮಾಲೆ ತಂದು ನನ್ನ ಕೈಗೇ ಕೊಟ್ಟು, "ನೀನ ಇಡು" ಎಂದರು. ಚಕ್ರದ ಮೇಲಿಟ್ಟು ನೋಡಿದೆ, ಸಮಾಧಾನವಾಗಲಿಲ್ಲ. ಕೊನೆಗೆ ವೈಪರಿಗೇ ಸಿಕ್ಕಿಸಿದೆ.

ಕಾನಸೂರು ದಾಟುತ್ತಲೇ ಮಳೆ ಶುರುವಾಯಿತು. "ವೈಪರ್ ಹಾಕೇ!" ಎಂದು ಶೋಭಕ್ಕ ಕೂಗಿದರು. ಹಾಕಿದರೆ ಹೂವು ಜಾಲರಿಗೆ. ಇಳಿದು ತೆಗೆಯೋಣವೆಂದರೆ ಕೈಯಿಂದ ತೆಗೆಯಬಾರದು. ಕಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ಎತ್ತಿನಗಾಡಿಯ ವೇಗದಲ್ಲಿ ಓಡಿಸಿದೆ. ಕಾರಿನೊಳಗೆ ಮತ್ತೆ ನೀರು ಬರತೊಡಗಿತು. ಆದರೆ ಈ ಸಲ ಅದು ಎಲ್ಲಿಂದ ಬರುತ್ತಿದೆ ಎಂದು ಯಾರನ್ನೂ ಕೇಳುವ ಅಗತ್ಯ ನನಗಿರಲಿಲ್ಲ.