ಓರಗಿತ್ತಿಯ ಬ್ಯಾಂಡು

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಷ್ಟು ನೆಮ್ಮದಿಯಾಗಿ ಮಾತಾಡುತ್ತಾರೆಂದರೆ ಅವರಿಗೆ ಓರಗಿತ್ತಿ ಇಲ್ಲವೆಂದೇ ಅರ್ಥ. ಇದ್ದರೂ ಅವಳು ಬ್ಯಾಂಡು ಗೀಂಡು ಎಂದು ಹೋಗದೆ ತನ್ನ ಪಾಡಿಗೆ ತಾನಿದ್ದಾಳೆಂದು ಅರ್ಥ. ನನಗೆ ಆ ಭಾಗ್ಯವಿಲ್ಲ. ನನ್ನ ಮೈದುನನ ಹೆಂಡತಿ ನಾಗಮಣಿ ಅವಿನಾಶಿಯಲ್ಲಿದ್ದಾಳೆ. ಸಿಂಗಾನಲ್ಲೂರಿನಲ್ಲಿ ನಾನು ಬಸ್ಸು ಹತ್ತಿ ಕಿಟಕಿಗೆ ತಲೆ ಒರಗಿಸಿ ಒಂದು ಸಣ್ಣ ನಿದ್ದೆ ತೆಗೆದರೆ ಸಾಕು, ಅವಳ ಊರು ಬಂದುಬಿಡುತ್ತದೆ. ಅವಳ ಹತ್ತಿರ ಒಂದು ಬ್ಯಾಂಡ್ ಇದೆ. ಮಕ್ಕಳೇ ಡ್ರಮ್ ಬಾರಿಸಿ, ಬ್ಯೂಗಲ್ ಊದಿ, ಸಾಲಾಗಿ ನಡೆಯುವ ಬ್ಯಾಂಡು. ಅಂಥದ್ದು ನನ್ನ ಹತ್ತಿರವೂ ಇದೆ. ನನ್ನದೇ ಮೊದಲು ಹುಟ್ಟಿದ್ದು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ನಮ್ಮ ಮನೆಯಲ್ಲಿ ಬೇರೆ ಯಾರೂ ಹೇಳುವುದಿಲ್ಲ.

ನಾನು ಚಾಮರಾಜನಗರದ ಕಡೆಯಿಂದ ಮದುವೆಯಾಗಿ ಈ ತಮಿಳು ಸೀಮೆಗೆ ಬಂದವಳು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದ ನೇಕಾರರು, ಅವರ ಕನ್ನಡದಲ್ಲಿ ಅರ್ಧ ತಮಿಳು. ಒಂದು ಶಾಲೆಯಲ್ಲಿ ಆಟದ ಟೀಚರು. ಕಾಲೇಜಿನಲ್ಲಿದ್ದಾಗ ಪೆರೇಡಿನಲ್ಲಿ ಸೈಡ್ ಡ್ರಮ್ ಬಾರಿಸಿದ ಕೈ, ಮದುವೆಯಾದ ಮೇಲೆ ಸುಮ್ಮನಿರಲಾರದೆ ಚಪಾತಿ ಲಟ್ಟಿಸುವಾಗಲೂ ಮಣೆಯ ಮೇಲೆ ತಾಳ ಹಾಕುತ್ತಿತ್ತು. ಕೊನೆಗೆ ಮುಚ್ಚಿಹೋದ ಒಂದು ಮಿಲ್ಲಿನ ಹಿಂದಿನ ಬಯಲಿನಲ್ಲಿ ಭಾನುವಾರ ಬೆಳಿಗ್ಗೆ ಓಣಿಯ ಮಕ್ಕಳನ್ನು ಸೇರಿಸಿ ಬ್ಯಾಂಡ್ ಶುರುಮಾಡಿದೆ. ಬ್ಯಾಂಡ್ ಶುರುಮಾಡುವುದು ಸುಲಭ. ಅದನ್ನು ಮುಂದಿನ ಭಾನುವಾರಕ್ಕೆ ತಲುಪಿಸುವುದು ಕಷ್ಟ. ಒಬ್ಬನಿಗೆ ಟ್ಯೂಷನ್, ಒಬ್ಬಳಿಗೆ ಹಿಂದಿ ಪರೀಕ್ಷೆ, ಬೇಸ್ ಡ್ರಮ್ ಹೊರುವವನಿಗೆ ಬೆನ್ನುನೋವು ಎಂದು ಅವನ ಅಜ್ಜಿಯಿಂದ ಫೋನು. ಬ್ಯೂಗಲ್ಲಿನದಂತೂ ಬೇರೆಯೇ ಕಥೆ. ಅದಕ್ಕೆ ಒತ್ತುವ ಗುಂಡಿಗಳಿಲ್ಲ. ಸ್ವರವೆಲ್ಲ ತುಟಿಯ ಬಿಗಿಯಿಂದಲೇ ಹೊರಡಬೇಕು. ತಾಯಂದಿರು ಇದನ್ನು ಒಲೆ ಊದುವ ಕೆಲಸವೆಂದು ತಿಳಿದು, "ಇನ್ನೂ ಜೋರಾಗಿ ಊದೋ" ಎಂದು ಬಯಲಿನ ಅಂಚಿನಿಂದ ಹುರಿದುಂಬಿಸುತ್ತಾರೆ. ಎದುರಿನ ಅಪಾರ್ಟ್‌ಮೆಂಟಿನವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಇಷ್ಟೆಲ್ಲದರ ನಡುವೆ ನಿಜವಾಗಿ ಊದಲು ಬರುತ್ತಿದ್ದುದು ಕಾವ್ಯ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿಗೆ ಮಾತ್ರ. ಅವಳು ಊದಿದಾಗ ನನ್ನದೂ ಒಂದು ಬ್ಯಾಂಡ್ ಎನ್ನಿಸುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ, ನಮ್ಮ ಮನೆಯಲ್ಲಿರುವ ಅತ್ತೆಯವರನ್ನು ನೋಡಲು ನಾಗಮಣಿ ಬಂದಳು. ಅವಳು ಓರಗಿತ್ತಿ ಮಾತ್ರವಲ್ಲ, ಅತ್ತೆಯವರ ಸ್ವಂತ ಅಣ್ಣನ ಮಗಳು. ಅಂದರೆ ನಾನು ಈ ಮನೆಗೆ ಸೊಸೆ, ಅವಳು ಸೊಸೆಯೂ ಹೌದು ಮಗಳೂ ಹೌದು. ಒಬ್ಬರಿಗೆ ಎರಡೆರಡು ಹುದ್ದೆ ಕೊಡಬಾರದೆಂಬ ನಿಯಮ ಸರ್ಕಾರದಲ್ಲಿದ್ದೀತು, ಕುಟುಂಬಗಳಲ್ಲಿಲ್ಲ. ಅವಳನ್ನು ಬಯಲಿಗೆ ಕರೆದುಕೊಂಡು ಹೋದೆ. ತೋರಿಸಿಕೊಳ್ಳುವ ಆಸೆ, ಇನ್ನೇನು.

"ಅಕ್ಕಾ, ಇದ್ರಲ್ಲಿ ಬಟನ್ನೇ ಇಲ್ವಲ್ಲ, ಎಂಗೆ ರಾಗ ಬರ್ತದೆ?" ಎಂದು ಕೇಳಿದಳು. ಹೇಳಿಕೊಟ್ಟೆ. "ಈ ಡ್ರಮ್ಮಿನ ತೋಲು ಸಡ್ಲ ಆದ್ರೆ ಏನ್ ಮಾಡ್ತೀರಿ?" ಹೇಳಿಕೊಟ್ಟೆ. "ಪಸಂಗ ಬರ್ಲಿಲ್ಲಾಂದ್ರೆ?" ಹುಡುಗರು ಬಾರದಿದ್ದರೆ ಏನು ಮಾಡಬೇಕೆಂದು ನನಗೇ ಗೊತ್ತಿದ್ದರೆ ತಾನೇ, ನಿಟ್ಟುಸಿರುಬಿಟ್ಟೆ. ಟೌನ್‌ಹಾಲ್ ಹತ್ತಿರ ಯಾವ ಅಂಗಡಿಯಲ್ಲಿ ಒಳ್ಳೆಯ ಡ್ರಮ್ ಸಿಗುತ್ತದೆಂದು ಕೂಡ ಹೇಳಿದೆ. ಗುರುವಿಗೇ ತಿರುಮಂತ್ರ ಹಾಕುವ ಶಿಷ್ಯೆ ಎದುರಿಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

ಸ್ವಲ್ಪ ದಿನಕ್ಕೆ ಅತ್ತೆಯವರು ಅವಿನಾಶಿಗೆ ಹೋಗಿ ಬಂದರು. ಬಂದವರೇ ಚಪ್ಪಲಿ ಬಿಡುವ ಮುನ್ನ, "ನಾಗಮಣಿ ಬ್ಯಾಂಡ್ ಕಟ್ಟವ್ಳೆ. ರೊಂಬ ಚೆನ್ನಾಗೈತೆ!" ಎಂದರು. ಅತ್ತೆಯವರು ಜೀವನವಿಡೀ ಮಗ್ಗದ ಸದ್ದಿನಲ್ಲಿ ಬಾಳಿದವರು, ಕಿವಿ ಸ್ವಲ್ಪ ಮಂದ. ನನ್ನ ಬ್ಯಾಂಡು ನಮ್ಮ ಮನೆಯ ಮುಂದೆಯೇ ಹಾದುಹೋದಾಗ ಅವರು, "ಪಾತ್ರೆ ಬಿತ್ತಾ?" ಎಂದು ಕೇಳಿದ್ದರು. ಅಂಥವರಿಗೆ ನಾಗಮಣಿಯ ಬ್ಯಾಂಡ್ ಮಾತ್ರ ಸ್ಪಷ್ಟವಾಗಿ ಕೇಳಿಸಿದೆ. ನನ್ನ ಯಜಮಾನರ ಕಡೆ ನೋಡಿದೆ. ಅವರು ಪೇಪರಿನ ಹಿಂದಕ್ಕೆ ಹೋದರು. ಒಂದು ಕಡೆ ಹೆಂಡತಿ, ಒಂದು ಕಡೆ ತಮ್ಮನ ಹೆಂಡತಿ. ಇಂಥ ಹೊತ್ತಿಗೆಂದೇ ಅವರು ಪೇಪರ್ ತರಿಸುವುದು.

ತಡೆಯಲಾರದೆ ಒಂದು ಭಾನುವಾರ ಅಭ್ಯಾಸವನ್ನು ಬೇಗ ಮುಗಿಸಿ, ಕಾವ್ಯಳನ್ನೂ ಜೊತೆಗೆ ಕರೆದುಕೊಂಡು ಅವಿನಾಶಿಗೆ ಹೋದೆ. ನಮ್ಮ ಮೈದುನನದು ಪವರ್‌ಲೂಮ್ ಶೆಡ್ಡು. ಆ ಬೀದಿಯಲ್ಲಿ ಮನೆಗೊಂದು ಶೆಡ್ಡು. ಭಾನುವಾರ ಮಗ್ಗಗಳಿಗೆ ರಜೆ. ಸದ್ದಿಲ್ಲದೆ ಆ ಬೀದಿಯವರಿಗೆ ಹಗಲು ನಿದ್ದೆ ಬರುವುದಿಲ್ಲವಂತೆ. ಆದ್ದರಿಂದ ಶೆಡ್ಡಿನ ಅಂಗಳದಲ್ಲಿ ಡ್ರಮ್ ಬಾರಿಸುತ್ತಿದ್ದರೆ ಅಕ್ಕಪಕ್ಕದವರು ಕಿಟಕಿ ತೆರೆದು ಹಾಯಾಗಿ ಮಲಗಿದ್ದರು! ನನಗೆ ನನ್ನ ಅಪಾರ್ಟ್‌ಮೆಂಟಿನ ಕಿಟಕಿಗಳು ನೆನಪಾಗಿ ಕಣ್ಣಲ್ಲಿ ನೀರು ಬಂತು. ಮಕ್ಕಳೋ, ಅಂಗಳ ತುಂಬಿ ಗೇಟಿನ ಹೊರಗೂ ನಿಂತಿದ್ದರು. ಟ್ಯೂಷನ್ನಿನ ಸುದ್ದಿಯೇ ಇಲ್ಲ. ಬ್ಯೂಗಲ್ ಊದುವುದು ಸುಮಾರಾಗಿತ್ತು, ಅಷ್ಟರಮಟ್ಟಿಗೆ ದೇವರು ದೊಡ್ಡವನು. ಆದರೆ ಡ್ರಮ್ಮು! ತೊಟ್ಟಿಲಲ್ಲಿದ್ದಾಗಿನಿಂದ ಮಗ್ಗದ ಲಾಳಿ ಅತ್ತಿತ್ತ ಓಡುವ ಸದ್ದು ಕೇಳಿದ ಮಕ್ಕಳು, ಕ್ವಿಕ್ ಮಾರ್ಚಿನ ತಾಳ ಅವರ ರಕ್ತದಲ್ಲೇ ಇತ್ತು. ಒಬ್ಬನ ಕೋಲು ಇನ್ನೊಬ್ಬನ ಕೋಲಿಗಿಂತ ಕೂದಲೆಳೆಯಷ್ಟೂ ಮುಂದೆ ಬರಲಿಲ್ಲ. ನಾನು ಇಷ್ಟು ವರ್ಷ ಶಿಳ್ಳೆ ಹೊಡೆದು, ಚಪ್ಪಾಳೆ ತಟ್ಟಿ, ಗಂಟಲು ಹರಿದುಕೊಂಡು ಕಲಿಸಲಾಗದ್ದು ಅಲ್ಲಿ ಪುಕ್ಕಟೆಯಾಗಿ ನಡೆಯುತ್ತಿತ್ತು. ನಾನು ಬೆಳ್ಳಿ ಬಣ್ಣದ ಗುಂಡಿರುವ ಬ್ಯಾಂಡ್ ಕೋಲು ಹಿಡಿಯುವವಳು. ನಾಗಮಣಿ ಒಣಹಾಕಿದ ಬಟ್ಟೆ ತೆಗೆಯುವ ಬಿದಿರು ಕೋಲು ಹಿಡಿದಿದ್ದಳು. ಸುಳ್ಳೇಕೆ ಹೇಳಲಿ, ನನ್ನ ಮೈಯೆಲ್ಲ ಉರಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಾವ್ಯ ಮೆಲ್ಲಗೆ, "ಮಿಸ್, ಇನ್ಮೇಲೆ ಭಾನುವಾರ ನಾನು ಅವಿನಾಶಿಗೆ ಹೋಗ್ಲಾ? ಅಲ್ಲಿ ಡ್ರಮ್ ಜೊತೆ ಊದೋಕೆ ಚೆನ್ನಾಗಿರತ್ತೆ" ಎಂದು ತಮಿಳಿನಲ್ಲಿ ಕೇಳಿದಳು. ನಾನು ಟ್ರಾಫಿಕ್ಕು, ಬಿಸಿಲು, ಪರೀಕ್ಷೆ ಎಂದೆಲ್ಲ ಹೆದರಿಸಿದೆ. ಪರೀಕ್ಷೆಯ ಹೆಸರು ಹೇಳಿ ಮಕ್ಕಳನ್ನು ಬ್ಯಾಂಡಿನಿಂದ ತಪ್ಪಿಸುವ ತಾಯಂದಿರನ್ನು ಬೈಯುವವಳು ನಾನೇ. ಕಾವ್ಯ ಹೋದರೆ ಬಯಲಿನಲ್ಲಿ ಉಳಿಯುವುದು ನಾನು, ಶಿಳ್ಳೆ ಮತ್ತು ಬೆನ್ನುನೋವಿನ ಹುಡುಗ.

ಅಷ್ಟರಲ್ಲಿ ನಮ್ಮ ನೇಕಾರ ಸಮಾಜದ ಸಂಘದವರು ಪೋತ್ತನೂರಿನ ಬಯಲಿನಲ್ಲಿ ಮಕ್ಕಳ ಕ್ರೀಡಾಕೂಟ ಇಟ್ಟುಕೊಂಡರು. ಎರಡು ಬ್ಯಾಂಡಿಗೂ ಆಹ್ವಾನ. ಯಾರು ಮೆರವಣಿಗೆಯ ಮುಂದೆ ನಡೆಯಬೇಕೆಂದು ಹಿಂದಿನ ದಿನದ ರಿಹರ್ಸಲ್ ನೋಡಿ ಕಾರ್ಯದರ್ಶಿಗಳು ತೀರ್ಮಾನಿಸುತ್ತಾರೆ. ಮುಂದೆ ನಡೆದವರ ಬ್ಯಾಂಡ್ ಸಂಘದ ಬ್ಯಾಂಡ್ ಆಗುತ್ತದೆ, ಊರೂರಿಂದ ಕರೆ ಬರುತ್ತದೆ, ಮಕ್ಕಳೂ ಅಲ್ಲಿಗೇ ಹರಿಯುತ್ತಾರೆ. ಹಿಂದೆ ನಡೆದವರು ಮನೆಗೆ ನಡೆಯುತ್ತಾರೆ. ನಾನು ಚೆನ್ನಾಗಿ ಯೋಚಿಸಿ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. "ಧ್ವಜ ಹಾರಿಸುವಾಗ ಗಂಭೀರವಾಗಿ ಸ್ಲೋ ಮಾರ್ಚ್ ಇದ್ದರೆ ಶೋಭೆ ಅಲ್ಲವಾ ಅಣ್ಣಾ?" ಎಂದೆ. ಸ್ಲೋ ಮಾರ್ಚಿನಲ್ಲಿ ಒಂದೊಂದು ಹೆಜ್ಜೆಯೂ ಗಾಳಿಯಲ್ಲಿ ನಿಂತು ಇಳಿಯಬೇಕು. ಮಗ್ಗ ಎಲ್ಲಾದರೂ ಹಾಗೆ ಓಡುತ್ತದೆಯೇ? ಅವಿನಾಶಿಯ ಮಕ್ಕಳು ಮುಗ್ಗರಿಸಲೇಬೇಕು. ಕಾರ್ಯದರ್ಶಿಗಳು, "ಟೀಚರಮ್ಮ ಏಳಿದ್ಮೇಲೆ ಮುಗೀತು" ಎಂದು ಒಪ್ಪಿದರು. ನನ್ನ ಬುದ್ಧಿಗೆ ನಾನೇ ಮೆಚ್ಚಿ ಒಂದು ಲೋಟ ಕಾಫಿ ಹೆಚ್ಚಾಗಿ ಕುಡಿದೆ.

ರಿಹರ್ಸಲ್ಲಿನಲ್ಲಿ ಮೊದಲು ನನ್ನ ಬ್ಯಾಂಡ್ ನಡೆಯಿತು. ಕಾವ್ಯ ಊದಿದ್ದು ಚಿನ್ನದಂತಿತ್ತು. ಉಳಿದವರು ಒಂಟಿಕಾಲಿನ ಕೊಕ್ಕರೆಗಳಂತೆ ತೂರಾಡಿದರು. ಎರಡು ಏಟುಗಳ ನಡುವಿನ ಖಾಲಿ ಜಾಗ ಕಂಡರೆ ನನ್ನ ಡ್ರಮ್ಮಿನ ಹುಡುಗರಿಗೆ ಏನೋ ಭಯ, ತಲೆಗೊಂದರಂತೆ ಏಟು ತುಂಬಿಸಿದರು. ಇರಲಿ, ಅವಿನಾಶಿಯವರು ಇದಕ್ಕಿಂತ ಕೆಡಿಸುತ್ತಾರೆ ಎಂದು ಧೈರ್ಯವಾಗಿ ಕೂತೆ. ಅವರೂ ಸರಿಯಾಗಿಯೇ ಕೆಡಿಸಿದರು! ಸ್ಲೋ ಮಾರ್ಚ್ ಎಂದರೆ ಕ್ವಿಕ್ ಮಾರ್ಚಿಗೇ ಓಡಿಹೋದರು. ನಾಗಮಣಿ ನಿಲ್ಲಿಸಿದಳು. ಮತ್ತೆ ಹಾಗೇ ಆಯಿತು. ನನ್ನ ಹೃದಯದಲ್ಲಿ ಹಾಲು ಸಕ್ಕರೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬಿದಿರು ಕೋಲೆತ್ತಿ, "ಲೇ ಪಸಂಗಳಾ, ವೋಲ್ಟೇಜ್ ಕಮ್ಮಿ!" ಎಂದು ಕೂಗಿದಳು.

ಅಷ್ಟೇ. ಪವರ್‌ಲೂಮಿನ ಬೀದಿ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದಾಗ ಮಗ್ಗಗಳು ನಿಲ್ಲುವುದಿಲ್ಲ, ಎಳೆಯುತ್ತವೆ. ದಡಕ್ ಎಂದು ಒಂದು ಏಟು ಬಿದ್ದ ಮೇಲೆ ಇನ್ನೊಂದು ಬೀಳುತ್ತದೋ ಇಲ್ಲವೋ ಎಂದು ಮನೆಮಂದಿಯೆಲ್ಲ ಕಾಯುತ್ತಾರೆ. ಆ ಕಾಯುವಿಕೆಯನ್ನು ಹುಟ್ಟಿದಂದಿನಿಂದ ಕಾದ ಮಕ್ಕಳು ಅವರು. ದಡಕ್ ಎಂದಿತು ಬೇಸ್ ಡ್ರಮ್ಮು. ಕಾಲುಗಳೆಲ್ಲ ಒಟ್ಟಿಗೆ ಗಾಳಿಯಲ್ಲಿ ನಿಂತು ಒಟ್ಟಿಗೆ ಇಳಿದವು. ಬಯಲಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು, ನಾನೂ ಹಿಡಿದೆ. ಧ್ವಜದ ಕಂಬದವರೆಗೆ ಹಾಗೆ ನಡೆಸಿ, "ಕರೆಂಟ್ ಬಂತು!" ಎಂದಳು ನೋಡಿ, ಇಡೀ ಸಾಲು ಒಂದೇ ಏಟಿಗೆ ಕ್ವಿಕ್ ಮಾರ್ಚಿಗೆ ಹಾರಿತು. ನನ್ನ ಮಕ್ಕಳ ಮನೆಗಳಲ್ಲಿ ಇನ್ವರ್ಟರ್ ಇದೆ. ಕರೆಂಟ್ ಹೋಗಿದ್ದು ಬಂದಿದ್ದು ಅವರಿಗೆ ತಿಳಿಯುವುದೇ ಇಲ್ಲ, ಪಾಪ.

ಕಾರ್ಯದರ್ಶಿಗಳು ನನ್ನ ಹತ್ತಿರ ಓಡಿಬಂದು, "ಟೀಚರಮ್ಮಾ, ನೀವು ಸ್ಲೋ ಮಾರ್ಚ್ ಇಡ್ಸಿದ್ದು ರೊಂಬ ಒಳ್ಳೇದಾಯ್ತು. ಇಲ್ಲಾಂದ್ರೆ ಈ ಪಸಂಗಳ ಕೈಚಳಕ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ!" ಎಂದು ಕೈಮುಗಿದರು. ಅವಿನಾಶಿ ಮುಂದೆ, ಸಿಂಗಾನಲ್ಲೂರು ಹಿಂದೆ ಎಂದು ಅಲ್ಲೇ ತೀರ್ಮಾನವಾಯಿತು. ಕಾವ್ಯಳನ್ನು ಹುಡುಕಿದರೆ, ಅವಳು ಆಗಲೇ ಆ ಮಕ್ಕಳ ನಡುವೆ ಕೂತು ತುಟಿ ಹೇಗೆ ಬಿಗಿಯಬೇಕೆಂದು ತೋರಿಸುತ್ತಿದ್ದಳು.

ನಾನು ಟೀ ಅಂಗಡಿಯ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ನಾಗಮಣಿ ಪಕ್ಕದಲ್ಲಿ ಬಂದು ಕೂತಳು. "ಅಕ್ಕಾ, ಒಂದು ಏಳ್ತೀನಿ, ಕೋಪ ಮಾಡ್ಕೋಬೇಡಿ. ನಾನು ಬ್ಯಾಂಡ್ ಕಟ್ಟಿದ್ದೇ ನಿಮ್ಮ ಮೇಲಿನ ಒಟ್ಟೆಕಿಚ್ಚಿಗೆ" ಎಂದಳು.

"ನನ್ನ ಮೇಲಾ?" ಎಂದು ಟೀ ಲೋಟ ಕೆಳಗಿಟ್ಟೆ.

"ಊಂ ಅಕ್ಕಾ. ನಾನು ಮದ್ವೆ ಆಗಿ ಬಂದಾಗ್ನಿಂದ ಅತ್ತೆ ಅದೇ ಮಾತು. 'ದೊಡ್ಡವ್ಳು ಓದವ್ಳೆ, ಡ್ರಮ್ ಬಾರಿಸ್ತಾಳೆ, ಪಸಂಗಳ್ನ ಸೇರ್ಸಿ ಏನೇನೋ ಮಾಡ್ತಾಳೆ. ನೀನು ಮಗ್ಗದ ಮುಂದೆ ಕೂತ್ಕೊಂಡೇ ಇರು' ಅಂತ. ಕೇಳಿ ಕೇಳಿ ಒಟ್ಟೆ ಉರಿದೋಯ್ತು."

ಅತ್ತೆಯವರು! ಪಾತ್ರೆ ಬಿತ್ತಾ ಎಂದು ಕೇಳಿದ ಅದೇ ಅತ್ತೆಯವರು! ನನಗೆ ಎಷ್ಟು ಸಂತೋಷವಾಯಿತೆಂದರೆ ನಾಗಮಣಿಗೆ ಟೀ ಜೊತೆ ಎರಡು ವಡೆ ಕೊಡಿಸಿದೆ, ಅವಳ ಭುಜ ತಟ್ಟಿದೆ, ಕಾವ್ಯ ಭಾನುವಾರಗಳಲ್ಲಿ ಅವಿನಾಶಿಗೆ ಬರಬಹುದೆಂದು ದೊಡ್ಡ ಮನಸ್ಸಿನಿಂದ ಅಪ್ಪಣೆಯನ್ನೂ ಕೊಟ್ಟುಬಿಟ್ಟೆ. ಒಬ್ಬಳು ಇಷ್ಟು ಕಾಲ ನನ್ನನ್ನು ಕಂಡು ಕರುಬಿದ್ದಾಳೆಂದರೆ ಅದು ಸಣ್ಣ ಗೌರವವೇ? ಬಸ್ಸಿನಲ್ಲಿ ಕೂತು ಅದನ್ನೇ ಮೆಲುಕು ಹಾಕುತ್ತಾ ಬಂದೆ. ಮನೆ ಹತ್ತಿರವಾಗುವ ಹೊತ್ತಿಗೆ ವಿಷಯ ಪೂರ್ತಿ ಅರ್ಥವಾಯಿತು. ನಾನು ಹೊಟ್ಟೆಕಿಚ್ಚು ಪಡಲು ಆರಂಭಿಸಿದ್ದು ಅವಳು ಬ್ಯಾಂಡ್ ಕಟ್ಟಿದ ಮೇಲೆ. ಅವಳು ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಆರಂಭಿಸಿದ್ದಾಳೆ. ಅದರಲ್ಲೂ ಅವಳೇ ಮುಂದೆ, ನಾನು ಹಿಂದೆ. ಹೋಗಲಿ ಎಂದರೆ, ಅವಳದು ಬೆಳೆದು ಒಂದು ಬ್ಯಾಂಡ್ ಆಗಿದೆ. ನನ್ನದು ಇನ್ನೂ ಬರೀ ಹೊಟ್ಟೆಕಿಚ್ಚಾಗಿಯೇ ಇದೆ.